ಸೋದರಮಾವನ ಬೆನ್ನುನೋವು

ನನ್ನ ಗಂಡನಿಗೆ ಬೆನ್ನುನೋವಿದೆ ಅಂತ ನಾನು ಸುಳ್ಳು ಹೇಳಿದ್ದು ನಿಜ. ಹೇಳಿದ್ದಕ್ಕೆ ಇವತ್ತಿಗೂ ಬೇಜಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಜಾಗದಲ್ಲಿ ಬೇರೆ ಯಾರೇ ಇದ್ದಿದ್ದರೂ ಬೆನ್ನಿನ ಜೊತೆಗೆ ಮಂಡಿಯನ್ನೂ ಸೇರಿಸಿ ಹೇಳುತ್ತಿದ್ದರು.

ನಮ್ಮವರ ಹೆಸರು ಮುನಿರಾಜು. ಯಲಹಂಕ ಓಲ್ಡ್ ಟೌನ್‌ನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಬೋರ್‌ವೆಲ್ ಮೋಟರ್ ಇರಲಿ, ಮಿಕ್ಸಿ ಇರಲಿ, ಸುಟ್ಟುಹೋಗಿದ್ದನ್ನು ಬಿಚ್ಚಿ ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತಿ, ವಾರ್ನಿಷ್ ಹಾಕಿ ಒಣಗಿಸಿ ಕೊಡುತ್ತಾರೆ. ಮಾತು ಕಮ್ಮಿ. ಯೋಚನೆ ಬಂದರೆ ಕತ್ತಿನ ಹಿಂಭಾಗ ಕೆರೆದುಕೊಳ್ಳುತ್ತಾರೆ. ಮುಂದಿನ ಹಲ್ಲು ಸ್ವಲ್ಪ ಮುರಿದಿದೆ, ಅದಕ್ಕೆ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಕೈಯೊರೆಸಲು ಬಟ್ಟೆ ಕೊಟ್ಟರೂ ಕೈ ಹೋಗುವುದು ಪ್ಯಾಂಟಿನ ಹಿಂದಕ್ಕೇ. ಈ ಮನುಷ್ಯನಲ್ಲಿ ಏನಿದೆ ಅಂತ ನೀವು ಕೇಳಬಹುದು. ನಾನು ಬಿದ್ದಿದ್ದು ಆ ವಾರ್ನಿಷ್ ವಾಸನೆಗೆ.

ನನ್ನ ತವರು ರಾಜಾನುಕುಂಟೆ ಹತ್ತಿರ. ಅಪ್ಪ ಮುನಿವೆಂಕಟಯ್ಯನಿಗೆ ದ್ರಾಕ್ಷಿ ತೋಟ ಇತ್ತು. ಒಂದು ಬೇಸಿಗೆಯಲ್ಲಿ ಮೋಟರ್ ಸುಟ್ಟುಹೋಗಿ ಇವರ ಅಂಗಡಿಗೆ ಹಾಕಿದ್ದರು. ಅಪ್ಪ ಹೋದಾಗಲೆಲ್ಲ ಇವರು "ನಾಳೆ ಬನ್ನಿ" ಅನ್ನುವುದು, ಅಪ್ಪ ತಲೆಯಾಡಿಸಿ ವಾಪಸ್ ಬರುವುದು. ಬಳ್ಳಿ ಒಣಗುತ್ತಿತ್ತು. ನನಗೆ ರೇಗಿತು. ನಾನೇ ಬಸ್ಸು ಹತ್ತಿ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತು, "ಸುತ್ತಿ. ನಾನು ನೋಡ್ತಾ ಕೂತಿರ್ತೀನಿ" ಅಂದೆ. ಸುತ್ತಲು ಶುರು ಮಾಡಿದರು. ಅಷ್ಟರಲ್ಲಿ ಕಾರಿನಿಂದ ಒಬ್ಬಳು ಇಳಿದು ಬಂದಳು. ತಲೆಗೆ ಕನ್ನಡಕ ಏರಿಸಿಕೊಂಡು, ಕೈಯಲ್ಲಿ ಮಿಕ್ಸಿ ಹಿಡಿದುಕೊಂಡು, "ಸ್ವಲ್ಪ ಅರ್ಜೆಂಟ್ ಇತ್ತು" ಅಂತ ಎಷ್ಟು ನಯವಾಗಿ ಅಂದಳೆಂದರೆ ಇವರು ನನ್ನ ಮೋಟರ್ ಬಿಟ್ಟು ಆ ಕಡೆ ತಿರುಗಿದರು. ನಾನು ಎದ್ದು ಮಿಕ್ಸಿ ಕಿತ್ತುಕೊಂಡು ಬಾಗಿಲಾಚೆ ಇಟ್ಟು, "ನನ್ನದು ಮುಗಿಯೋ ತನಕ ಇವರು ಯಾರ ಕಡೆಗೂ ನೋಡಲ್ಲ" ಅಂದೆ. ಅವಳು ಹೋದಳು. ಇವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಆ ದಿನ ಸಾಯಂಕಾಲದವರೆಗೂ ಆ ವಾಸನೆ ಕುಡಿಯುತ್ತಾ ಕೂತಿದ್ದೆ.

ಮೋಟರನ್ನು ತಾವೇ ತೋಟಕ್ಕೆ ತಂದು ಇಳಿಸಿಕೊಟ್ಟರು. ಆಮೇಲೆ ಕೆಲಸವಿಲ್ಲದಿದ್ದರೂ "ಮೋಟರ್ ಹೆಂಗೆ ಓಡ್ತಿದೆ?" ಅಂತ ಕೇಳಿಕೊಂಡು ಬರತೊಡಗಿದರು. ಮೋಟರ್ ಚೆನ್ನಾಗಿಯೇ ಓಡುತ್ತಿತ್ತು. ನಮ್ಮಪ್ಪನಿಗೂ ಅರ್ಥವಾಯಿತು, ಮದುವೆಯೂ ಆಯಿತು.

ಇಲ್ಲಿಗೆ ಮುಗಿದಿದ್ದರೆ ನನ್ನಷ್ಟು ಸುಖಿ ಯಾರೂ ಇರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಯಾರದೋ ಮನೆಯ ಸೀಮಂತದಲ್ಲಿ ಇವರ ಕಡೆಯ ಒಬ್ಬ ಮುದುಕಿ ನನ್ನ ಗಲ್ಲ ಸವರಿ, "ಪಾಪ, ಒಳ್ಳೆ ಉಡುಗಿ ಕಣವ್ವ ನೀನು. ಅಕ್ಕ ಎಣ್ಣು ಕೊಡ್ನಿಲ್ಲ ಅಂತ ನಿನ್ನ ತಂದ್ಕಂಡ್ರು, ಇಂಗೇ ಚಂದಾಗಿರು" ಅಂದಳು. ನನ್ನ ಕೈಯಲ್ಲಿದ್ದ ಹೋಳಿಗೆ ಕೈಯಲ್ಲೇ ಉಳಿಯಿತು.

ನಮ್ಮ ಜನದಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ಅವನು ಕೇಳಿದರೆ ಕೊಡಬೇಕು, ಅವನು ಬೇಡವೆಂದರೆ ಬೇರೆ ಕಡೆ ನೋಡಬೇಕು. ಇವರ ತಾಯಿ ಬೇಗ ತೀರಿಹೋದರು. ಅಕ್ಕ ಗೋಪಾಲಮ್ಮ ತಾನು ಮದುವೆಯಾಗಿ ಹೋದ ಜಕ್ಕೂರಿಗೆ ತಮ್ಮನನ್ನೂ ಕರೆದುಕೊಂಡು ಹೋಗಿ ಸಾಕಿದರು. ಅಲ್ಲೇ ಅಕ್ಕನಿಗೆ ಮಗಳು ಹುಟ್ಟಿದ್ದು, ಹಂಸವೇಣಿ. ಸಣ್ಣ ವಿಮಾನ ಏಳುವುದನ್ನು ತೋರಿಸಲು ಇವರು ಆ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಏರೋಡ್ರೋಮ್ ಬೇಲಿ ಹತ್ತಿರ ನಿಲ್ಲುತ್ತಿದ್ದರಂತೆ. ನೋಡಿದವರೆಲ್ಲ "ಏನೋ ಮುನಿರಾಜು, ಎಂಡ್ರುನ್ನ ಎತ್ಕಂಡಿದ್ದೀಯಾ?" ಅಂತ ರೇಗಿಸುತ್ತಿದ್ದರಂತೆ. ಹುಡುಗಿ ಬೆಳೆದು ಡಿಗ್ರಿ ಕಾಲೇಜಿಗೆ ಸೇರಿದ ಮೇಲೆ ಅಕ್ಕನಿಗೆ ಗ್ರೀಸು ಕೈಯ ತಮ್ಮ ಬೇಡವಾದನಂತೆ. ಊರೆಲ್ಲ ಹೇಳುತ್ತಿದ್ದುದು ಇದನ್ನೇ.

ಅಂದಿನಿಂದ ನನ್ನ ಹೊಟ್ಟೆಯಲ್ಲಿ ಬಿದ್ದ ಬೆಂಕಿ ಆರಲಿಲ್ಲ. ಹಂಸ ಫೋನ್ ಮಾಡಿ "ಮಾಮಾ" ಅಂದರೆ ಸಾಕು, ಇವರು ಊಟದ ತಟ್ಟೆ ಬಿಟ್ಟು ಏಳುತ್ತಾರೆ. ಅವಳ ಸ್ಕೂಟಿ ನಿಂತರೆ ಇವರೇ ಹೋಗಬೇಕು. ಹಬ್ಬಕ್ಕೆ ಮಲ್ಲಿಗೆ ತಂದರೆ ಎರಡು ಪೊಟ್ಟಣ, ಒಂದು ಜಕ್ಕೂರಿಗೆ. ಎರಡನ್ನೂ ಕೈಯಲ್ಲಿ ಹಿಡಿದು ತೂಗಿ ನೋಡುತ್ತಿದ್ದೆ. ಅವಳದು ದಪ್ಪ ಅನ್ನಿಸಿದರೆ ಅದನ್ನೇ ಮುಡಿದುಕೊಂಡು ಸಣ್ಣದನ್ನು ಕಳಿಸುತ್ತಿದ್ದೆ. ಅವಳು ಚೆಲುವೆ, ಹೆಬ್ಬಾಳದ ಆಫೀಸಿನಲ್ಲಿ ಕೆಲಸ, ಮಾತಾಡಿದರೆ ಕೇಳುತ್ತಲೇ ಇರೋಣ ಅನ್ನಿಸುತ್ತದೆ. ಅದಕ್ಕೇ ನನಗೆ ಅವಳ ದನಿ ಕೇಳಿದರೆ ಆಗುತ್ತಿರಲಿಲ್ಲ.

"ರೀ, ನನ್ನಲ್ಲಿ ಏನ್ ನೋಡಿ ಒಪ್ಕೊಂಡ್ರಿ?" ಅಂತ ಎಷ್ಟು ಸಲ ಕೇಳಿದ್ದೇನೋ. ಒಂದೊಳ್ಳೆ ಮಾತು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಕತ್ತು ಕೆರೆದುಕೊಂಡು "ಏನೋ ಕಣೆ, ಗೊತ್ತಿಲ್ಲ" ಅನ್ನುವರು. ಗೊತ್ತಿಲ್ಲವಂತೆ! ಸಿಗಬೇಕಾದದ್ದು ಸಿಗಲಿಲ್ಲ, ಕೈಗೆ ಸಿಕ್ಕಿದ್ದು ನಾನು ಅಂತ ಅದರ ಅರ್ಥ ಅಂದುಕೊಂಡು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ.

ಅತ್ತ ಹಂಸ ಬಂದ ಸಂಬಂಧಗಳನ್ನೆಲ್ಲ ಬೇಡ ಬೇಡ ಅನ್ನುತ್ತಾ ಮೂವತ್ತು ದಾಟಿದಳು. ಇಂಜಿನಿಯರ್ ಬೇಡ, ಬ್ಯಾಂಕಿನವನು ಬೇಡ. ಇವಳ ಮನಸ್ಸಿನಲ್ಲಿ ಯಾರಿದ್ದಾರೆ ಅಂತ ಬೇರೆಯವರು ತಲೆ ಕೆಡಿಸಿಕೊಂಡರು, ನಾನು ನಿದ್ದೆ ಕೆಡಿಸಿಕೊಂಡೆ. ಕಡೆಗೆ ತಾನೇ ಒಬ್ಬನನ್ನು ಮೆಚ್ಚಿದ್ದೀನಿ ಅಂದಾಗ ಮುನೇಶ್ವರನಿಗೆ ಕಾಯಿ ಒಡೆಸಿದವಳು ನಾನು.

ನಿಶ್ಚಿತಾರ್ಥದ ದಿನ ಹುಡುಗ ಬಾಲರಾಜ್‌ನನ್ನು ನೋಡಿದೆ. ಸಣ್ಣ ವಿಮಾನಗಳ ಇಂಜಿನ್ ರಿಪೇರಿ ಮಾಡುವವನು. ಉಗುರಿನ ಅಂಚು ಕಪ್ಪು. ಅತ್ತಿಗೆ ಏನೋ ಕೇಳಿದ್ದಕ್ಕೆ ಅವನು ಕತ್ತಿನ ಹಿಂಭಾಗ ಕೆರೆದುಕೊಂಡ. ಚಿರೋಟಿ ತಿಂದ ಕೈಯನ್ನು ಹೊಸ ಪ್ಯಾಂಟಿನ ಹಿಂದಕ್ಕೆ ಒರೆಸಿದ. ಒಂದು ಕಾಲಿನ ಮೇಲೆ ಭಾರ ಹಾಕಿ, ಭುಜ ವಾರೆ ಮಾಡಿಕೊಂಡು ನಿಂತಿದ್ದ. ಪಕ್ಕದಲ್ಲಿ ನಮ್ಮವರೂ ಥೇಟ್ ಹಾಗೇ ನಿಂತಿದ್ದರು. ಅಷ್ಟು ಜನರಲ್ಲಿ ಯಾರಿಗೂ ಕಾಣಲಿಲ್ಲ, ನನಗೆ ಕಂಡಿತು. ಇಷ್ಟು ವರ್ಷ ಊರೆಲ್ಲ ಜಾಲಾಡಿ ಈ ಹುಡುಗಿ ಹುಡುಕಿ ತಂದಿದ್ದು ನನ್ನ ಗಂಡನ ಪಡಿಯಚ್ಚನ್ನು! ಅಯ್ಯೋ ನಿನ್ನ, ಅಂದುಕೊಂಡೆ. ನನ್ನ ತಟ್ಟೆಯ ಚಿರೋಟಿಯನ್ನು ಹಾಗೇ ಬಿಟ್ಟು ಎದ್ದೆ.

ಮದುವೆಗೆ ಒಂದು ವಾರ ಇದ್ದಾಗ ಅತ್ತಿಗೆ ಗೋಪಾಲಮ್ಮ ಫೋನ್ ಮಾಡಿದರು.

"ಆಶಾ, ಮುನಿರಾಜುಗೆ ಜರಿ ಪಂಚೆ ತಂದಿವ್ನಿ ಕಣಮ್ಮ. ಉಡುಗೀನ ಎತ್ಕಂಡು ಬಂದು ಅಸೆಮಣೆ ಮ್ಯಾಲೆ ಕೂರಿಸ್ಬೇಕು. ಈಗಿನೋರ ತರ ಕೈ ಇಡ್ಕಂಡು ನಡೆಸ್ಕಂಡು ಬರೋದು ನನ್ನ ತಾವ ನಡೆಯಾಕಿಲ್ಲ."

ಸೋದರಮಾವ ಮದುವಣಗಿತ್ತಿಯನ್ನು ಎತ್ತಿಕೊಂಡು ತರುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಕಣ್ಣ ಮುಂದೆ ಬಂದದ್ದೇ ಬೇರೆ. ರೇಷ್ಮೆ ಸೀರೆಯುಟ್ಟು, ಮುಡಿತುಂಬ ಮಲ್ಲಿಗೆ ಮುಡಿದು, ಆ ಚೆಲುವೆ ನನ್ನ ಗಂಡನ ಕತ್ತಿಗೆ ಕೈ ಹಾಕಿಕೊಂಡಿದ್ದಾಳೆ. ಸೋದರತ್ತೆಯಾದ ನಾನು ದೀಪ ಹಿಡಿದುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದೇನೆ. ಸಾವಿರ ಜನ ನೋಡುತ್ತಿದ್ದಾರೆ, ಆ ಮುದುಕಿಯೂ ನೋಡುತ್ತಿದ್ದಾಳೆ. ಬಾಯಿ ತಾನಾಗಿ ಆಡಿತು.

"ಅತ್ತಿಗೆ, ಅವರಿಗೆ ಬೆನ್ನು ಹಿಡ್ಕೊಂಡಿದೆ. ನೀರಿನ ಬಿಂದಿಗೆ ಕೂಡಾ ಎತ್ತಬಾರ್ದು ಅಂದಿದಾರೆ ಡಾಕ್ಟ್ರು. ನಿಮಗೆ ಬೇಜಾರಾಗುತ್ತೆ ಅಂತ ಅವರು ಬಾಯಿ ಬಿಟ್ಟಿಲ್ಲ. ನೀವೂ ಕೇಳೋಕೆ ಹೋಗ್ಬೇಡಿ."

"ಅಯ್ಯೋ ನನ್ ತಮ್ಮ!" ಅಂತ ಅತ್ತಿಗೆ ಫೋನಿನಲ್ಲೇ ಅತ್ತುಬಿಟ್ಟರು. ಕಡೆಗೆ ಅವರ ಚಿಕ್ಕಪ್ಪನ ಮಗ ಚನ್ನು ಎತ್ತಿಕೊಂಡು ಬರಲಿ, ಅವನೂ ವರಸೆಯಲ್ಲಿ ಸೋದರಮಾವನೇ, ಅಂತ ತೀರ್ಮಾನವಾಯಿತು. ಫೋನ್ ಇಟ್ಟ ಮೇಲೆ ಒಂದು ಲೋಟ ಕಾಫಿ ಮಾಡಿಕೊಂಡು ನೆಮ್ಮದಿಯಾಗಿ ಕುಡಿದೆ.

ಅತ್ತಿಗೆ ಮಾತು ಉಳಿಸಿಕೊಂಡರು. ತಮ್ಮನೊಬ್ಬನನ್ನು ಬಿಟ್ಟು ಮಿಕ್ಕ ಎಲ್ಲರಿಗೂ ಹೇಳಿದರು.

ದೊಡ್ಡಬಳ್ಳಾಪುರ ರಸ್ತೆಯ ಛತ್ರಕ್ಕೆ ನಾವು ಹೋಗುವಷ್ಟರಲ್ಲಿ ಸುದ್ದಿ ಅಡುಗೆಯವರನ್ನೂ ಮುಟ್ಟಿತ್ತು. ಇವರು ತೆಂಗಿನಕಾಯಿ ಚೀಲಕ್ಕೆ ಕೈ ಹಾಕಿದರೆ ಇಬ್ಬರು ಓಡಿಬಂದು ಕಿತ್ತುಕೊಂಡರು. ನಿಂತರೆ ಕುರ್ಚಿ ತಂದರು. ಕೂತರೆ ಬೆನ್ನಿಗೆ ದಿಂಬು ಕೊಟ್ಟರು. ಯಾರೋ ಬಂದು ಸೊಂಟಕ್ಕೆ ಮುಲಾಮು ಹಚ್ಚಲು ಅಂಗಿ ಎತ್ತಿದರು. ಇವರು ಕತ್ತು ಕೆರೆದುಕೊಂಡು, "ಏನಾಗಿದೆಯೇ ಇವರಿಗೆಲ್ಲಾ? ಮದುಮಗನಿಗಿಂತ ಜಾಸ್ತಿ ನನ್ನನ್ನ ನೋಡ್ಕೋತಾವ್ರೆ" ಅಂದರು.

"ಸೋದರಮಾವ ಅಂದ್ರೆ ಮರ್ಯಾದೆ ಇರಲ್ವಾ? ಸುಮ್ನೆ ಕೂತ್ಕೊಳ್ಳಿ" ಅಂದೆ.

ಗಂಡಿನ ಕಡೆಯವರ ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡಿದೆ ಅಂತ ಸುದ್ದಿ ಬಂತು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು, ಆದರೂ ಪುರೋಹಿತರು ಗಡಿಯಾರ ನೋಡಿಕೊಂಡು ಗೊಣಗತೊಡಗಿದರು. ಅಷ್ಟರಲ್ಲಿ ಹಂಸ ಹೇಳಿಕಳಿಸಿದಳು, ಆಶಾ ಅತ್ತೆ ಒಳಗೆ ಬರಬೇಕಂತೆ.

ಹೋದೆ. ಅಲಂಕಾರ ಮಾಡುವ ಹುಡುಗಿಯರನ್ನೆಲ್ಲ ಆಚೆ ಕಳಿಸಿ ಅವಳೇ ಬಾಗಿಲು ಹಾಕಿದಳು. ದೇವತೆ ಹಾಗೆ ಕಾಣುತ್ತಿದ್ದಳು, ಹಾಳಾದವಳು.

"ಅತ್ತೆ, ಮಾಮ ಮೊನ್ನೆ ನಮ್ಮನೆ ಟೆರೇಸಿಗೆ ಸಿಂಟೆಕ್ಸ್ ಟ್ಯಾಂಕ್ ಹೊತ್ಕೊಂಡು ಹತ್ತಿದ. ಯಾವಾಗ ಬಂತು ಬೆನ್ನುನೋವು?"

ನಾನು ಗೋಡೆ ಕಡೆ ನೋಡಿದೆ.

"ನಾನು ಹುಟ್ಟಿದಾಗ್ಲಿಂದ ಎತ್ತಿ ಆಡಿಸಿದ ಮಾಮ ಇರೋವಾಗ ಆ ಚನ್ನು ಯಾಕೆ ಎತ್ಕೋಬೇಕು ನನ್ನ? ಏನ್ ತೊಂದ್ರೆ ಅತ್ತೆ ನಿಮಗೆ?"

"ಏನ್ ತೊಂದ್ರೆನಾ?" ಅಂದೆ. ಇಷ್ಟು ವರ್ಷ ಒಳಗೇ ಕುದಿದದ್ದು ಉಕ್ಕಿತು. "ನಿಮ್ಮಮ್ಮ ನಿನ್ನನ್ನ ಕೊಡ್ಲಿಲ್ಲ, ಅದಕ್ಕೆ ನನ್ನ ತಂದ್ರು. ಊರಿಗೆಲ್ಲಾ ಗೊತ್ತು. ನಾನು ಅವರ ಮನೇಲಿ ನಿನ್ನ ಜಾಗದಲ್ಲಿ ಕೂತಿರೋಳು. ಸಾಲ್ದು ಅಂತ ಈಗ ನೀನು ಅವರ ತರಾನೇ ಇರೋನ್ನ ಹುಡುಕ್ಕೊಂಡು ಬಂದಿದೀಯ. ಕಣ್ಣಿಲ್ವಾ ನನಗೆ? ಮೇಲಿಂದ ಅವರ ಕತ್ತಿಗೆ ಬೇರೆ ಕೈ ಹಾಕ್ಕೊಂಡು ಬರ್ತೀಯಾ? ನಾನು ದೀಪ ಹಿಡೀಬೇಕಾ?"

ಅವಳು ಮಣೆಯ ಮೇಲೆ ಕುಸಿದು ಕೂತಳು.

"ಅಮ್ಮ ಕೊಡಲ್ಲ ಅಂತ ಯಾವತ್ತೂ ಅನ್ಲಿಲ್ಲ ಅತ್ತೆ. ಅಮ್ಮನೇ ಕೇಳಿದ್ದು. ಬೇಡ ಅಂದಿದ್ದು ಮಾಮ."

"ಏನಂದೆ?"

"ಮೂಗೊರೆಸಿ, ಚಡ್ಡಿ ಹಾಕಿ ಸ್ಕೂಲಿಗೆ ಬಿಟ್ಟಿರೋ ಮಗು ಅದು, ಹೆಂಡ್ತಿ ಅಂತ ನೋಡು ಅಂದ್ರೆ ಹೆಂಗೆ ನೋಡ್ಲಿ ಅಂದ. ಅಲ್ದೆ, ರಾಜಾನುಕುಂಟೇಲಿ ಒಬ್ಳು ಹುಡುಗಿ ಇದಾಳೆ, ಮದುವೆ ಆದ್ರೆ ಅವಳನ್ನೇ ಆಗೋದು ಅಂದ. ಸ್ವಂತ ಮಾವನೇ ಬೇಡ ಅಂದ ಅಂತ ಆಚೆ ಗೊತ್ತಾದ್ರೆ ಜನ ನನ್ನಲ್ಲೇ ಏನೋ ಐಬಿದೆ ಅಂತಾರಲ್ಲ? ಅದಕ್ಕೆ ನೀವೇ ಕೊಡಲ್ಲ ಅಂದ್ರಿ ಅಂತ ಹೇಳ್ಕೊಳ್ಳಿ ಅಂದ. ನನ್ನ ಮದುವೆ ಆಗೋ ತನಕ ಯಾರ ಹತ್ರಾನೂ ಬಾಯಿ ಬಿಡಲ್ಲ ಅಂತ ಅಮ್ಮನ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟ."

ಅವಳ ಪಕ್ಕದಲ್ಲೇ ಕೂತೆ. ರಾಜಾನುಕುಂಟೆಯಲ್ಲಿ ಒಬ್ಬಳು ಹುಡುಗಿ. ಅಂದರೆ ನಾನು. ಮೊದಲೇ ನಾನು. ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಇನ್ನೊಂದು ಅನುಮಾನವೂ ಬಂತು.

"ಅವರು ಬೇಡ ಅಂದ್ರು, ಸರಿ. ನೀನು?"

ಹಂಸ ನಕ್ಕಳು. "ಆಗ ನನಗೆ ಮಾಮನ್ನ ಬಿಟ್ರೆ ಬೇರೆ ಗಂಡಸರು ಯಾರು ಗೊತ್ತಿದ್ರು ಅತ್ತೆ? ಊಟ ಬಿಟ್ಟು ಅತ್ತಿದ್ದೆ. ಅಂಥಾದ್ದು ಏನಿದೆ ಅವಳಲ್ಲಿ ಅಂತ ನಿಮ್ಮನ್ನ ನೋಡೋಕೇ ಒಂದಿನ ಅಂಗಡಿ ಹತ್ರ ಬಂದು ಎದುರುಗಡೆ ನಿಂತಿದ್ದೆ. ನೀವು ತೋಟದ ದ್ರಾಕ್ಷಿ ತಂದಿದ್ರಿ. ಪಕ್ಕದಂಗಡಿ ನಯೀಮ್ ಭಾಯಿಗೆ ಮಾಮ ಅದರಲ್ಲಿ ಒಂದು ಗೊಂಚಲು ಕೊಟ್ಟ. ನಿಮಗೆ ತಂದಿದ್ದು, ಊರಿಗಲ್ಲ ಅಂತ ನೀವು ಬೈತಾ ಇದ್ರಿ. ಮಾಮ ನಗ್ತಾ ಇದ್ದ, ಬಾಯಿಗೆ ಕೈ ಅಡ್ಡ ಇಡೋದನ್ನೂ ಮರೆತು. ಮನೇಲಿ ನಮ್ಮ ಜೊತೆ ಅಷ್ಟು ವರ್ಷ ಇದ್ದ, ಒಂದಿನಾನೂ ಹಂಗೆ ನಕ್ಕಿರ್ಲಿಲ್ಲ. ವಾಪಸ್ ಹೋಗಿ ನಿಮಗೆ ಚೆನ್ನಾಗಿ ಶಾಪ ಹಾಕಿ ಊಟ ಮಾಡಿದೆ."

ಈ ಹುಡುಗಿ ನನ್ನನ್ನು ನೋಡಿ ಹೊಟ್ಟೆ ಉರಿದುಕೊಂಡಿದ್ದಳು! ಇಷ್ಟು ಹಿತವಾದ ಮಾತನ್ನು ನನಗೆ ಯಾರೂ ಯಾವತ್ತೂ ಹೇಳಿರಲಿಲ್ಲ. ಆದರೂ "ಊಟ ಬಿಟ್ಟು ಅತ್ತಿದ್ದೆ" ಅಂದಳಲ್ಲ, ಅದು ಚುಚ್ಚಿತು. ಅಂದರೆ ನನ್ನ ಅನುಮಾನ ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಆಗ ಬಾಗಿಲು ಬಡಿದರು. ತೆಗೆದರೆ ನಮ್ಮವರು. ಹಿಂದೆ ನಯೀಮ್ ಭಾಯಿ, ಕೈಯಲ್ಲಿ ಸೊಂಟಕ್ಕೆ ಕಟ್ಟುವ ಬೆಲ್ಟು.

"ಭಾಬಿ, ನಮ್ಮ ಅಬ್ಬಾದು. ಬಹಳ ಒಳ್ಳೇದು, ಕಟ್ಸಿ ಇವರಿಗೆ. ದಿನಾ ಪಕ್ಕದಲ್ಲೇ ಕೂತಿರ್ತೀನಿ, ನನಗೆ ಒಂದು ಮಾತು ಹೇಳಿಲ್ಲ ನೋಡಿ" ಅಂದರು.

"ಏನೇ ಆಶಾ, ನನಗೆ ಬೆನ್ನುನೋವಂತೆ?" ಅಂದರು ಇವರು.

ಅತ್ತಿಗೆ ಧಾವಿಸಿ ಬಂದರು. "ಗಂಡಿನ ಕಡೆಯೋರು ಬಂದ್ರು, ಏಳಿ ಏಳಿ! ಚನ್ನು ಎಲ್ಲವ್ನೆ? ಮುನಿರಾಜು, ನೀನು ದೂರ ನಿಂತ್ಕಪ್ಪ, ನಿನ್ ಕೈಲಾಗಾಕಿಲ್ಲ. ಆಶಾ ಎಲ್ಲಾ ಏಳವ್ಳೆ ನನಗೆ."

ಎಲ್ಲರೂ ನನ್ನ ಕಡೆ ನೋಡಿದರು. ಹಂಸ ತುಟಿ ಬಿಗಿಹಿಡಿದು ಕೂತಿದ್ದಳು, ಬಿಟ್ಟುಕೊಡಲಿಲ್ಲ. ನಮ್ಮವರು ನನ್ನ ಮುಖ ನೋಡಿದರು, ಅವಳ ಮುಖ ನೋಡಿದರು, ಮತ್ತೆ ನನ್ನದು. ಸುಟ್ಟ ಮೋಟರ್ ಬಿಚ್ಚಿ ಎಲ್ಲಿ ಸುಟ್ಟಿದೆ ಅಂತ ಹುಡುಕುವಾಗ ನೋಡುವ ಹಾಗೆ ನೋಡಿದರು. ಅವರಿಗೆ ಸಿಕ್ಕಿತು.

"ಬೆನ್ನು ಸರಿಯಿದ್ಯೋ ಇಲ್ವೋ ನೋಡೇಬಿಡೋಣ ತಡೀ ಅಕ್ಕ" ಅಂದರು.

ಮುಂದೆ ಬಂದು ನನ್ನನ್ನು ಎತ್ತಿಬಿಟ್ಟರು. ನನ್ನನ್ನು! ನಾನೇನು ಹಗುರದ ಹೆಂಗಸಲ್ಲ. "ಅಯ್ಯಯ್ಯೋ ಬಿಡ್ರೀ, ಮಾನ ಮರ್ಯಾದೆ ಇಲ್ವಾ, ಜನ ನೋಡ್ತಾವ್ರೆ" ಅಂತ ಭುಜಕ್ಕೆ ಗುದ್ದಿದೆ. ಕೇಳಲಿಲ್ಲ. ಆ ಓಲಗದವರಾದರೂ ಸುಮ್ಮನಿರಬಾರದಾ? ಹೆಣ್ಣು ಬಂತೆಂದುಕೊಂಡು ಬಾರಿಸಿಬಿಟ್ಟರು. ಹಜಾರದ ಮಧ್ಯದವರೆಗೂ ಎತ್ತಿಕೊಂಡು ಹೋಗಿ, ಎರಡೂ ಕಡೆಯ ನೆಂಟರ ಎದುರಿಗೆ ನನ್ನನ್ನು ಇಳಿಸಿ "ಉಸ್ಸಪ್ಪಾ!" ಅಂದರು. ಛತ್ರವೆಲ್ಲ ಹೋ ಎಂದು ನಕ್ಕಿತು. ಮುಂದಿನ ಸಾಲಿನಲ್ಲಿ ಆ ಮುದುಕಿ ಬಾಯಿ ತೆರೆದುಕೊಂಡು ಕೂತಿದ್ದಳು. ನಾನು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಅವಳ ಎದುರಿಗೆ ಬೇಕಾದದ್ದಕ್ಕಿಂತ ಜಾಸ್ತಿ ಹೊತ್ತು ನಿಂತೆ.

ಆಮೇಲೆ ಹಂಸನನ್ನು ಎತ್ತಿಕೊಂಡು ಬಂದರು. ನಾನು ದೀಪ ಹಿಡಿದುಕೊಂಡು ಹಿಂದೆ ಹೋದೆ. ಅವಳು ಇವರ ಕತ್ತಿಗೆ ಕೈ ಹಾಕಿದ್ದಳು. ಹಸೆಮಣೆಯ ಮೇಲೆ ಕೂರಿಸಿದಾಗ ಇವರ ಕಣ್ಣು ಒದ್ದೆಯಾಗಿತ್ತು, ಹೆಣ್ಣುಮಗಳನ್ನು ಕಳಿಸಿಕೊಡುವ ಅಪ್ಪನ ಕಣ್ಣು. ನನಗೂ ಅಳು ಬಂತು. ಬಂದರೂ ಒಂದು ವಿಷಯ ನನ್ನ ಕಿವಿಯಿಂದ ತಪ್ಪಿಸಿಕೊಳ್ಳಲಿಲ್ಲ. ನನ್ನನ್ನು ಇಳಿಸಿದಾಗ "ಉಸ್ಸಪ್ಪಾ" ಅಂದವರು ಅವಳನ್ನು ಇಳಿಸಿದಾಗ ಒಂದು ಉಸಿರೂ ಬಿಡಲಿಲ್ಲ. ಅವಳು ಹೂವು, ನಾನು ಮೂಟೆ ಅಂತಾಯಿತಲ್ಲ! ತಾಳಿ ಕಟ್ಟುವಾಗ ಅಕ್ಷತೆ ಹಾಕಿದೆ, ಊಟವನ್ನೂ ಮಾಡಿದೆ, ಆದರೆ ಆ ಉಸ್ಸಪ್ಪ ಮನಸ್ಸಿನಿಂದ ಹೋಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಕಾಫಿ ತಂದರೆ ಇವರಿಗೆ ಏಳಲಾಗಲಿಲ್ಲ. ನಿಜವಾಗಿಯೂ ಬೆನ್ನು ಹಿಡಿದುಕೊಂಡಿತ್ತು. ಬೋರಲು ಮಲಗಿಸಿ ಎಣ್ಣೆ ಬಿಸಿ ಮಾಡಿಕೊಂಡು ತಿಕ್ಕಲು ಕೂತೆ.

"ಇಷ್ಟು ವರ್ಷ ನನ್ನ ಉರಿಸಿದ್ರಲ್ಲಾ. ನನಗೊಬ್ಬಳಿಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಆ ಮುದುಕಿ ಮನೆ ಬಾಗಿಲಿಗೇ ಹೋಗಿ ಜಗಳ ತೆಗೀತಿದ್ದೆ."

ಅದು ಸರಿಯೇ. ಹೋಗುತ್ತಿದ್ದೆ.

"ನನ್ನಲ್ಲಿ ಏನ್ ನೋಡಿದ್ರಿ ಅಂತ ಈಗಾದ್ರೂ ಹೇಳಿ."

ಕತ್ತು ಕೆರೆದುಕೊಳ್ಳಲು ಕೈ ಎತ್ತಿದರು, ನೋವಿಗೆ ಕೈ ಮೇಲೇಳಲಿಲ್ಲ. "ಆ ಕಾರಿನವಳ ಮಿಕ್ಸಿ ಕಿತ್ಕೊಂಡು ಆಚೆ ಇಟ್ಯಲ್ಲ... ನಾನು ಬೇರೆಯೋರ ಮನೇಲಿ ಬೆಳೆದೋನು ಕಣೆ. ಇದು ನಂದು ಅಂತ ಯಾರೂ ನನಗೋಸ್ಕರ ಕಿತ್ತಾಡಿರ್ಲಿಲ್ಲ."

ನನ್ನ ಕೈ ನಿಂತಿತು. ಇನ್ನಷ್ಟು ಎಣ್ಣೆ ಹಾಕಿಕೊಂಡು ಮತ್ತೆ ತಿಕ್ಕತೊಡಗಿದೆ. ಆದರೂ ಕೇಳದೆ ಇರಲಾಗಲಿಲ್ಲ.

"ರೀ, ಬೆನ್ನು ಹಿಡಿದಿದ್ದು ಯಾರನ್ನ ಎತ್ತಿದ್ದಕ್ಕೆ?"

"ಇನ್ಯಾರನ್ನ? ನಿನ್ನನ್ನೇ. ಇಳಿಸ್ದಾಗ್ಲೇ ಚಳಕ್ ಅಂತು. ಹಂಸನ್ನ ಎತ್ತೋವಾಗ ನೋವಿಗೆ ಉಸಿರು ಬಿಡೋಕೂ ಆಗ್ಲಿಲ್ಲ."

"ದೇವ್ರಾಣೆ?"

"ದೇವ್ರಾಣೆ ಕಣೆ. ನಿಧಾನ ತಿಕ್ಕು."

ತಲೆದಿಂಬಿನ ಹತ್ತಿರ ಇವರ ಫೋನ್ ಬಡಿದುಕೊಂಡಿತು. ಹಂಸ. ಇವರು ಕೈ ಚಾಚುವುದರೊಳಗೆ ನಾನು ಎತ್ತಿಕೊಂಡೆ.

"ಮಾಮ ಏಳೋ ಹಾಗಿಲ್ಲ ಕಣಮ್ಮ" ಅಂದೆ, ಪಕ್ಕದ ಮನೆಗೂ ಕೇಳುವ ಹಾಗೆ. "ಬೆನ್ನು ಹಿಡ್ಕೊಂಡಿದೆ. ನನ್ನನ್ನ ಎತ್ತಿದ್ದಕ್ಕಂತೆ. ನಿಮ್ಮಮ್ಮನಿಗೂ ಹೇಳು, ಎಲ್ಲರಿಗೂ ಹೇಳೋಕೆ ಹೇಳು."